ಗ್ರಂಥಪಾಲರ ಗುರು ರಂಗನಾಥನ್

ಒಂದು ಕಸುಬನ್ನು ಕಲಿಯುವ ದಾರಿಗಳು ಎರಡು. ಶಾಲೆಯಲ್ಲಿ ಕುಳಿತು ಪಾಠ ಕೇಳುವುದು ಒಂದು. ಬಲ್ಲವರ ಮಗ್ಗುಲಲ್ಲಿ ನಿಂತು ನೋಡಿ ಕಲಿಯುವುದು ಇನ್ನೊಂದು. ಹೋಟೆಲಿನ ಒಲೆಯ ಮುಂದೆ ದುಡಿದ ನಮಗೆ ಎರಡನೆಯ ದಾರಿಯ ಪರಿಚಯ ಚೆನ್ನಾಗಿಯೇ ಇದೆ. ದೋಸೆಯ ಕಾವಲಿಯ ಹದವನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಹಿರಿಯ ಅಡಿಗೆಭಟ್ಟರ ಕಣ್ಸನ್ನೆಯೇ ಕಲಿಸಿತು. ಈ ಎರಡು ದಾರಿಗಳಲ್ಲಿಯೂ ನಡೆದು, ಮುಂದೆ ಅನೇಕರಿಗೆ ದಾರಿ ತೋರಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನವನ್ನು ಇಂದು ವಾಚಕರ ಮುಂದಿಡುತ್ತೇವೆ.

ರಂಗನಾಥನ್ ಅವರು 1892ರ ಆಗಸ್ಟಿನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಆರು ವರ್ಷದ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಓದಿ 1916ರಲ್ಲಿ ಎಂ.ಎ. ಪದವಿ ಪಡೆದರು. ಅಲ್ಲಿ ಪ್ರೊಫೆಸರ್ ಎಡ್ವರ್ಡ್ ರಾಸ್ ಅವರ ಗುರುಗಳಾದರು. ಈ ಬಾಂಧವ್ಯ ಪರೀಕ್ಷೆಯೊಡನೆ ಮುಗಿಯಲಿಲ್ಲ. 1917ರಲ್ಲಿ ರಂಗನಾಥನ್ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರೆಂಬುದು ಕರಾವಳಿಯವರು ನೆನೆಯತಕ್ಕ ಸಂಗತಿ.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲರಾದರು. ಆದರೆ ತರಗತಿಯ ಕಲರವಕ್ಕೆ ಒಗ್ಗಿದ್ದ ಮನಸ್ಸು ಪುಸ್ತಕಗಳ ನಡುವಣ ಮೌನವನ್ನು ಸಹಿಸದಾಯಿತು. ಕೆಲವೇ ದಿನಗಳಲ್ಲಿ, ತಮ್ಮನ್ನು ಅಧ್ಯಾಪಕ ವೃತ್ತಿಗೆ ಮರಳಿಸಬೇಕೆಂದು ಮೇಲಿನವರನ್ನು ಬೇಡಿಕೊಂಡರು. ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಕಲಿದು ಬರಲಿ, ಆಮೇಲೂ ಮನಸ್ಸಾಗದಿದ್ದರೆ ಹಳೆಯ ಕೆಲಸ ಕೊಡೋಣವೆಂದು ಅವರು ಒಪ್ಪಂದ ಮಾಡಿದರು. ಒಬ್ಬನ ಬಾಳು ಎತ್ತ ತಿರುಗುವುದೆಂಬುದು ಆ ಒಂದು ವರ್ಷದ ಮೇಲೆ ನಿಂತಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದವರು ಬರ್ವಿಕ್ ಸೇಯರ್ಸ್. ಅವರು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯಗಳ ಮುಖ್ಯಸ್ಥರೂ ಆಗಿದ್ದರು. ಶಿಷ್ಯನ ಬುದ್ಧಿಯನ್ನು ಕಂಡು, ಪಾಠದ ಹೊರಗೂ ಕೈಹಿಡಿದು ನಡೆಸಿ, ಗ್ರಂಥಾಲಯಗಳನ್ನು ಕಣ್ಣಾರೆ ನೋಡುವಂತೆ ಮಾಡಿದರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ದುಡಿಯುವ ಜನರೂ ಮಕ್ಕಳೂ ನಿಸ್ಸಂಕೋಚವಾಗಿ ಪುಸ್ತಕ ಒಯ್ಯುವುದನ್ನು ಕಂಡು ಅವರ ಮನಸ್ಸು ತಿರುಗಿತು. ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯ ಬಿಡಿಭಾಗಗಳನ್ನು ಬಗೆಬಗೆಯಾಗಿ ಜೋಡಿಸುತ್ತಿದ್ದುದನ್ನು ನೋಡಿ, ಪುಸ್ತಕದ ವಿಷಯವನ್ನೂ ಹಾಗೆಯೇ ಬಿಡಿಸಿ ಜೋಡಿಸಬಹುದೆಂದು ಹೊಳೆಯಿತು. ಅದರಿಂದ ಹುಟ್ಟಿದ ಕೋಲನ್ ವರ್ಗೀಕರಣವು 1933ರಲ್ಲಿ ಪ್ರಕಟವಾಯಿತು. 1925ರಲ್ಲಿ ಮರಳಿದವರು ಹಳೆಯ ಕೆಲಸವನ್ನು ಮತ್ತೆ ಕೇಳಲಿಲ್ಲ.

ಗ್ರಂಥಾಲಯದ ಕೆಲಸಕ್ಕೆಲ್ಲ ಆಧಾರವಾಗುವ ಮೂಲಸೂತ್ರಗಳು ಯಾವುವೆಂದು 1928ರಲ್ಲಿ ಅವರು ತೊಳಲುತ್ತಿದ್ದಾಗ ಭೇಟಿಗೆ ಬಂದವರು ಹಳೆಯ ಗುರು ರಾಸ್. ಶಿಷ್ಯನ ಕಷ್ಟವನ್ನು ಕೇಳಿ, ಪುಸ್ತಕಗಳಿರುವುದು ಉಪಯೋಗಕ್ಕೆಂದು ಸಹಜವಾಗಿ ನುಡಿದುಬಿಟ್ಟರು. ಮೊದಲನೆಯ ಸೂತ್ರ ದೊರಕಿತು. ಉಳಿದ ನಾಲ್ಕು ಅದರಿಂದ ಹೊರಟವು. 1931ರಲ್ಲಿ ಐದು ಸೂತ್ರಗಳ ಗ್ರಂಥ ಹೊರಬಂದಾಗ ಅದಕ್ಕೆ ಪೀಠಿಕೆ ಬರೆದವರು ಸೇಯರ್ಸ್. ಗಣಿತದ ಗುರು ಬೀಜ ಕೊಟ್ಟರು, ಗ್ರಂಥಾಲಯದ ಗುರು ಹರಸಿದರು.

ಪಡೆದ ಋಣವನ್ನು ರಂಗನಾಥನ್ ತೀರಿಸಿದ ರೀತಿಯೂ ದೊಡ್ಡದು. 1929ರಲ್ಲಿಯೇ ಮದರಾಸಿನಲ್ಲಿ ಗ್ರಂಥಪಾಲರ ತರಬೇತಿಯನ್ನು ಆರಂಭಿಸಿದರು. ಮುಂದೆ ಕಾಶಿಯಲ್ಲಿಯೂ ದಿಲ್ಲಿಯಲ್ಲಿಯೂ ದುಡಿದರು. 1956ರಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು, ಈ ವಿದ್ಯೆಯ ಪೀಠವೊಂದನ್ನು ಪತ್ನಿ ಶಾರದಾ ಅವರೊಡಗೂಡಿದ ಹೆಸರಿನಲ್ಲಿ ಸ್ಥಾಪಿಸಲೆಂದು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಿತ್ತರು. 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನ ತರಬೇತಿ ಕೇಂದ್ರವನ್ನು ಸ್ಥಾಪಿಸಿ, ನೀಲಮೇಘನ್ ಮೊದಲಾದ ಕಿರಿಯರನ್ನು ಜೊತೆಗಿರಿಸಿಕೊಂಡು ಬೆಳೆಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಕಾಲವಾದರು.

ವಾಚಕ ಬಂಧುಗಳೇ, ಹೊಸ ಕೆಲಸಕ್ಕೆ ಸೇರಿ ಓಡಿಹೋಗಲು ಬಯಸುವ ಹುಡುಗರನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲಿ ಕೊರತೆಯಿರುವುದು ಹಲವು ವೇಳೆ ಬುದ್ಧಿಗಲ್ಲ, ಮಗ್ಗುಲಲ್ಲಿ ನಿಲ್ಲುವ ಒಬ್ಬ ಹಿರಿಯನಿಗೆ. ಊರಿನಿಂದ ಬಂದ ಹೊಸಬನನ್ನು ಗದರಿಸುವ ಮುನ್ನ ರಾಸ್ ಮತ್ತು ಸೇಯರ್ಸರನ್ನು ನೆನೆಯೋಣ. ಬಿಡುವಾದ ಸಂಜೆ ಅವನನ್ನು ಹತ್ತಿರದ ವಾಚನಾಲಯಕ್ಕೆ ಕರೆದೊಯ್ಯೋಣ. ಅಲ್ಲಿನ ಪುಸ್ತಕಗಳು ಇರುವುದು ಅವನ ಉಪಯೋಗಕ್ಕೂ ಹೌದು.