ದೀಪಕ್ಕಿಂತ ಲೆಕ್ಕ ದೊಡ್ಡದು: ಫ್ಲಾರೆನ್ಸ್ ನೈಟಿಂಗೇಲ್

ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ ಫ್ಲಾರೆನ್ಸ್ ನೈಟಿಂಗೇಲ್ ಅಂದ್ರೆ ರಾತ್ರಿ ಹೊತ್ತು ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ಓಡಾಡುವ ದಾದಿ. ಆ ಚಿತ್ರ ಸುಳ್ಳೇನಲ್ಲ. ಆದರೆ ಅವರು ಬದುಕಿದ್ದು 90 ವರ್ಷ, ದೀಪದ ಕಾಲ ಎರಡು ವರ್ಷಕ್ಕೂ ಕಡಿಮೆ. ಮಿಕ್ಕ ಕಾಲದಲ್ಲಿ ಅವರು ಮಾಡಿದ ಕೆಲಸ ಇಂಜಿನಿಯರಿಂಗ್ ಓದುತ್ತಿರುವ ನಮಗೆ ಇನ್ನೂ ಹತ್ತಿರದ್ದು. ಜನ ಯಾಕೆ ಸಾಯ್ತಿದ್ದಾರೆ ಅಂತ ಲೆಕ್ಕ ಹಾಕಿದರು, ಆ ಲೆಕ್ಕವನ್ನು ಸರ್ಕಾರದ ಮುಂದಿಟ್ಟರು, ಏನಾದರೂ ಆಗುವವರೆಗೆ ಬೆನ್ನು ಬಿಡಲಿಲ್ಲ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ್ದಕ್ಕೇ ಆ ಹೆಸರು. ಶ್ರೀಮಂತ ಇಂಗ್ಲಿಷ್ ಮನೆತನ. ಅಪ್ಪನೇ ಮನೆಯಲ್ಲಿ ಪಾಠ ಹೇಳಿದರು, ಮಗಳಿಗೆ ಗಣಿತದ ಹುಚ್ಚು ಹತ್ತಿತು. ದಾದಿಯಾಗ್ತೀನಿ ಅಂದಾಗ ಮನೆಯವರು ವರ್ಷಗಟ್ಟಲೆ ಒಪ್ಪಲಿಲ್ಲ. ಆಗ ಆ ಕೆಲಸಕ್ಕೆ ಮರ್ಯಾದೆಯೇ ಇರಲಿಲ್ಲ. ಕೊನೆಗೆ 1851ರಲ್ಲಿ ಜರ್ಮನಿಗೆ ಹೋಗಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧ. ನವೆಂಬರ್‌ನಲ್ಲಿ 38 ದಾದಿಯರ ಜೊತೆ ಅವರು ಇಸ್ತಾಂಬುಲ್ ಪಕ್ಕದ ಸ್ಕುಟಾರಿ ಆಸ್ಪತ್ರೆಗೆ ಬಂದರು. ಊಟ, ಬಟ್ಟೆ, ಹಾಸಿಗೆ ಎಲ್ಲವನ್ನೂ ಒಂದು ವ್ಯವಸ್ಥೆಗೆ ತಂದರು. ಆದರೂ ಸಾವು ನಿಲ್ಲಲಿಲ್ಲ, ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ 100 ಜನರಲ್ಲಿ 42 ಮಂದಿ ಸತ್ತರು. ಮಾರ್ಚ್‌ನಲ್ಲಿ ಸರ್ಕಾರ ಒಂದು ನೈರ್ಮಲ್ಯ ಆಯೋಗ ಕಳಿಸಿತು. ಅದರಲ್ಲಿ ವೈದ್ಯ ಜಾನ್ ಸದರ್ಲೆಂಡ್ ಜೊತೆ ರಾಬರ್ಟ್ ರಾಲಿನ್ಸನ್ ಅನ್ನೋ ಸಿವಿಲ್ ಇಂಜಿನಿಯರ್ ಕೂಡ ಇದ್ದರು (ನಮ್ಮ ಸಿವಿಲ್ ಬ್ರಾಂಚಿನವರು ಕಾಲರ್ ಎತ್ತಬಹುದು). ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಮೋರಿಗಳನ್ನು ತೊಳೆಸಿದರು, ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಸತ್ತ ಕುದುರೆಯನ್ನು ತೆಗೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು 100ಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

1856ರಲ್ಲಿ ಊರಿಗೆ ಮರಳಿದಾಗ ದೇಶವೇ ಅವರನ್ನು ಹೊಗಳುತ್ತಿತ್ತು. ಅವರು ಮೆರವಣಿಗೆ ತಪ್ಪಿಸಿಕೊಂಡು ದಾಖಲೆಗಳ ಮುಂದೆ ಕೂತರು. ಜೊತೆಗೆ ಸಿಕ್ಕವರು ವಿಲಿಯಂ ಫಾರ್, ಇಂಗ್ಲೆಂಡಿನ ಜನನ-ಮರಣ ಲೆಕ್ಕದಲ್ಲಿ ಪಳಗಿದ ಸಂಖ್ಯಾಶಾಸ್ತ್ರಜ್ಞ. ಲೆಕ್ಕ ಹೇಳಿದ್ದು ಕಹಿ ಸತ್ಯ. ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಗುಂಡಿನಿಂದಲ್ಲ, ತಡೆಯಬಹುದಾಗಿದ್ದ ಕಾಯಿಲೆಗಳಿಂದ. ಅತಿ ಹೆಚ್ಚು ಸಾವು ಕಂಡ ಆಸ್ಪತ್ರೆಗಳಲ್ಲಿ ಅವರು ಹಗಲಿರುಳು ದುಡಿದ ಸ್ಕುಟಾರಿಯೇ ಮುಂದಿತ್ತು. ಅದನ್ನು ಮುಚ್ಚಿಡೋದು ಸುಲಭವಿತ್ತು, ಅವರು ಮುಚ್ಚಿಡಲಿಲ್ಲ. ಇನ್ನೊಂದು ವಿಷಯವೂ ಬಯಲಾಯಿತು: ಯುದ್ಧವೇ ಇಲ್ಲದಾಗ, ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲೇ ಇರುವ ಸೈನಿಕರು ಅದೇ ವಯಸ್ಸಿನ ಊರ ಜನರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಾಯುತ್ತಿದ್ದರು.

ಈ ಅಂಕಿಗಳೆಲ್ಲ ಸರ್ಕಾರದ ಕಡತಗಳಲ್ಲೇ ಇದ್ದವು ಅನ್ನೋದನ್ನು ಗಮನಿಸಬೇಕು. ಯಾರೂ ಕೂಡಿಸಿ ನೋಡಿರಲಿಲ್ಲ, ಅಷ್ಟೇ. ತನಿಖೆಗೆ ರಾಯಲ್ ಕಮಿಷನ್ ಮಾಡಿ ಅಂತ ಅವರು ಕೇಳಿದರೆ ಯುದ್ಧಮಂತ್ರಿ ಪ್ಯಾನ್‌ಮ್ಯೂರ್ ತಿಂಗಳುಗಟ್ಟಲೆ ಎಳೆದಾಡಿದರು. ನನ್ನ ವರದಿಯನ್ನು ನಾನೇ ಜನರ ಮುಂದಿಡ್ತೀನಿ ಅಂತ ಇವರು ಹೆದರಿಸಿದ ಮೇಲೆ 1857ರಲ್ಲಿ ಕಮಿಷನ್ ಆಯಿತು. ಹೆಣ್ಣಾದ್ದರಿಂದ ಅವರು ಸದಸ್ಯರಾಗುವಂತಿರಲಿಲ್ಲ. ಗೆಳೆಯ ಸಿಡ್ನಿ ಹರ್ಬರ್ಟ್ ಅಧ್ಯಕ್ಷ, ತೆರೆಮರೆಯ ಕೆಲಸವೆಲ್ಲ ಇವರದು.

ಕೋಷ್ಟಕಗಳನ್ನು ಮಂತ್ರಿಗಳು ಓದೋದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ಪ್ರಸಿದ್ಧ ಪೋಲಾರ್ ಏರಿಯಾ ಡಯಾಗ್ರಾಮ್: ವೃತ್ತದಲ್ಲಿ 12 ತಿಂಗಳಿಗೆ 12 ಹೋಳು, ತಡೆಯಬಹುದಾದ ಕಾಯಿಲೆಗೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ಮೊದಲ ಚಿತ್ರದಲ್ಲಿ ರೇಡಿಯಸ್ಸನ್ನೇ ಅಳತೆ ಮಾಡಿಕೊಂಡಿದ್ದರಿಂದ ದೊಡ್ಡ ಹೋಳು ಕಣ್ಣಿಗೆ ಇನ್ನೂ ದೊಡ್ಡದಾಗಿ ಕಾಣ್ತಿತ್ತು; ಆಮೇಲೆ ವಿಸ್ತೀರ್ಣವೇ ಸಾವಿನ ಪ್ರಮಾಣ ತೋರುವಂತೆ ಬದಲಿಸಿದರು. ನಾವು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಚಾರ್ಟ್ ಹಾಕುವಾಗ ಇಷ್ಟು ಯೋಚನೆ ಮಾಡ್ತೀವಾ? 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. ಬ್ಯಾರಕ್ಕುಗಳ ರಿಪೇರಿ, ಸೈನ್ಯಕ್ಕೊಂದು ವೈದ್ಯಕೀಯ ಶಾಲೆ, ಪ್ರತ್ಯೇಕ ಅಂಕಿಅಂಶ ವಿಭಾಗ ಒಂದೊಂದಾಗಿ ಬಂದವು.

ಎಲ್ಲವೂ ಗೆದ್ದಿತು ಅಂತಲ್ಲ. 1861ರ ಜನಗಣತಿಯಲ್ಲಿ ಪ್ರತಿ ಮನೆಯ ರೋಗಿಗಳ ಲೆಕ್ಕ ಹಾಗೂ ಮನೆಗಳ ಸ್ಥಿತಿಗತಿ ಕೇಳಬೇಕೆಂದು ಹಟ ಹಿಡಿದರು. ಆರೋಗ್ಯಕ್ಕೂ ವಾಸದ ಮನೆಗೂ ಇರುವ ಸಂಬಂಧ ತಿಳಿಯಬೇಕಾದರೆ ಎರಡೂ ಬೇಕಲ್ಲ? ಸರ್ಕಾರ ಒಪ್ಪಲಿಲ್ಲ. 1863ರಲ್ಲಿ ಅವರ ಪುಸ್ತಕವೊಂದರಲ್ಲಿ ಫಾರ್ ಲೆಕ್ಕದ ಪ್ರಕಾರ ಲಂಡನ್ ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ. 90 ದಾಟಿತ್ತು! ಇಡೀ ವರ್ಷದ ಸಾವನ್ನು ಒಂದೇ ದಿನದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ವೈದ್ಯರು ತರಾಟೆಗೆ ತೆಗೆದುಕೊಂಡರು, ನಮ್ಮ ಲೆಕ್ಕದಲ್ಲಿ ಅದು ನ್ಯಾಯವೇ.

ಇನ್ನು ಭಾರತ. ಅವರು ಇಲ್ಲಿಗೆ ಒಮ್ಮೆಯೂ ಬರಲಿಲ್ಲ. ಕ್ರಿಮಿಯಾದಲ್ಲಿ ಹತ್ತಿದ ಕಾಯಿಲೆ ಬಿಡದೆ ಬಹುಪಾಲು ಹಾಸಿಗೆಯಲ್ಲೇ ಕಾಲ ಕಳೆದರು. ಆದರೆ 1859ರಲ್ಲಿ ಭಾರತದ ಸೈನ್ಯದ ಆರೋಗ್ಯಕ್ಕಾಗಿ ಇನ್ನೊಂದು ರಾಯಲ್ ಕಮಿಷನ್ ಆದಾಗ, ಇಲ್ಲಿನ ಎಲ್ಲ ಸೇನಾ ಠಾಣ್ಯಗಳಿಗೂ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿದರು. ಬೆಂಗಳೂರಿನ ದಂಡಿನಿಂದಲೂ ಉತ್ತರ ಹೋಯಿತು: ಕುಡಿಯಲು ಬಳಸುವ ಹಲಸೂರು ಕೆರೆಗೆ ಬಜಾರಿನ ಕೊಳಚೆಯೂ ದಂಡಿನ ಬಹುಪಾಲು ಕೊಳಚೆಯೂ ಬಂದು ಸೇರುತ್ತಿದೆ ಅಂತ. ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಮಂದಿ ಸಾಯುತ್ತಿದ್ದರು. 1863ರಲ್ಲಿ ಎರಡು ದಪ್ಪ ಸಂಪುಟಗಳ ವರದಿ ಬಂತು, ಆದರೆ ಸಂಸತ್ತಿಗೆ ಹೋದ ಸಣ್ಣ ಆವೃತ್ತಿಯಿಂದ ಇವರ ಟಿಪ್ಪಣಿಗಳನ್ನೇ ಕೈಬಿಟ್ಟಿದ್ದರು. ಅವರು ಸುಮ್ಮನಾಗದೆ ತಮ್ಮ ಟಿಪ್ಪಣಿಗಳನ್ನು ಬೇರೆಯಾಗಿ ಅಚ್ಚು ಹಾಕಿಸಿ ಹಂಚಿದರು. ಹತ್ತು ವರ್ಷದಲ್ಲಿ ಆ 69 ಅನ್ನೋದು 18ಕ್ಕೆ ಇಳಿಯಿತೆಂದು ಅವರೇ ಬರೆದರು.

ಆದರೆ ಅದು ಬಿಳಿಯ ಸೈನಿಕನ ಲೆಕ್ಕ. ಇಲ್ಲಿನ ರೈತನನ್ನು ಲೆಕ್ಕ ಹಾಕಿದವರು ಯಾರು? ಈ ಪ್ರಶ್ನೆ ಅವರನ್ನೂ ಕಾಡಿತು ಅನ್ನೋದಕ್ಕೆ ಮುಂದಿನ ದಶಕಗಳ ಬರಹಗಳೇ ಸಾಕ್ಷಿ: ಹಳ್ಳಿಗಳ ನೈರ್ಮಲ್ಯ, ನೀರಾವರಿ, ಸಾಲಕ್ಕೆ ಸಿಕ್ಕಿಬಿದ್ದ ರೈತರು. ಮೈಸೂರು ಸಂಸ್ಥಾನವನ್ನೂ ಹಿಂಡಿದ 1876-78ರ ಬರಗಾಲದ ಬಗ್ಗೆ ಅವರು ಕಟುವಾಗಿಯೇ ಬರೆದರು. ಅಲ್ಲಿ ಮಾತ್ರ ಬ್ಯಾರಕ್ಕುಗಳಲ್ಲಿ ಸಿಕ್ಕಂಥ ಗೆಲುವು ಸಿಗಲಿಲ್ಲ.

1891ರಲ್ಲಿ, 70 ದಾಟಿದ ಮೇಲೆ, ಫ್ರಾನ್ಸಿಸ್ ಗಾಲ್ಟನ್‌ಗೆ ಪತ್ರ ಬರೆದು ಆಕ್ಸ್‌ಫರ್ಡಿನಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರಕ್ಕೊಂದು ಪೀಠ ಬೇಕೆಂದು ವಾದಿಸಿದರು. ಮಂತ್ರಿಗಳೂ ಅಧಿಕಾರಿಗಳೂ ಅಲ್ಲೇ ಓದಿ ಬರುವವರು; ಕೈಯಲ್ಲಿ ರಾಶಿ ಅಂಕಿಅಂಶ ಇದ್ದರೂ ಬಳಸಲು ಬಾರದವರು. ಶಿಕ್ಷಣ, ಜೈಲು, ಬಡವರ ಮನೆ, ಭಾರತದ ಆಡಳಿತ, ಯಾವುದರಲ್ಲೇ ಆಗಲಿ, ಕಾನೂನು ಮಾಡಿದ ಮೇಲೆ ಅದರಿಂದ ಜನರಿಗೆ ಏನಾಯಿತು ಅಂತ ಅಳೆದು ನೋಡುವವರು ಬೇಕು ಅನ್ನೋದು ಅವರ ಕೊರಗು. ಪೀಠ ಆಗಲೇ ಇಲ್ಲ.

1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಗೆ ಜಾಗ ಕೊಡ್ತೀವಿ ಅಂದರೂ ಮನೆಯವರು ಬೇಡ ಅಂದರು. ಹ್ಯಾಂಪ್‌ಶೈರಿನ ಹಳ್ಳಿಯ ಚರ್ಚಿನ ಅಂಗಳದಲ್ಲಿರುವ ಕಲ್ಲಿನ ಮೇಲೆ ಅವರ ಪೂರ್ತಿ ಹೆಸರೂ ಇಲ್ಲ. ಎಫ್.ಎನ್. ಅನ್ನೋ ಎರಡಕ್ಷರ, ಹುಟ್ಟಿದ ದಿನ, ಸತ್ತ ದಿನ.