ಗ್ಯಾರೇಜಿನ ಹುಡುಗ ಕಟ್ಟಿದ ತಂಡ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷವಾಯಿತು. ಸಾಲಹಳ್ಳಿಯಲ್ಲಿ ನಮ್ಮ ಕಾಕಾನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲೇ ಇದ್ದೇನೆ. ರಾಮದುರ್ಗದ ಬಸ್ಸಿಗೆ ಕಾಯುತ್ತ ನೆರಳಿಗೆಂದು ಒಳಗೆ ಬರುವವರೆಲ್ಲ ಕೇಳುವುದು ಒಂದೇ ಮಾತು, ಇಷ್ಟು ಓದಿ ಇನ್ನೂ ಗ್ರೀಸು ಬಳಿಯುತ್ತ ಕೂತಿದ್ದೀಯಾ ಅಂತ. ಮೊದಮೊದಲು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ.

ರಾತ್ರಿ ಮೊಬೈಲಿನಲ್ಲಿ ಫಾರ್ಮುಲಾ ಒನ್ ರೇಸ್ ನೋಡುವುದು ನನ್ನ ಚಟ. ಪಪ್ಪಾಯಿ ಬಣ್ಣದ ಎರಡು ಕಾರುಗಳು ಮುಂದೆ ಓಡುತ್ತವಲ್ಲ, ಆ ಮೆಕ್‌ಲಾರೆನ್ ಯಾವುದೋ ದೊಡ್ಡ ಕಂಪನಿ ಅಂದುಕೊಂಡಿದ್ದೆ. ಅದು ಒಬ್ಬ ಮನುಷ್ಯನ ಅಡ್ಡಹೆಸರು, ಆತನೂ ಗ್ಯಾರೇಜಿನಲ್ಲೇ ಬೆಳೆದವನು ಎಂದು ತಿಳಿದದ್ದು ಈಚೆಗೆ. ಏಕವಚನದಲ್ಲೇ ಬರೆಯುತ್ತೇನೆ, ಕ್ಷಮಿಸಿ. ತೀರಿಕೊಂಡಾಗ ಬ್ರೂಸ್‌ಗೆ 32 ವರ್ಷ, ನಮ್ಮ ಅಣ್ಣನ ವಯಸ್ಸು.

ಬ್ರೂಸ್ ಮೆಕ್‌ಲಾರೆನ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಅಪ್ಪನದು ಪೆಟ್ರೋಲ್ ಬಂಕು, ಜೊತೆಗೇ ಗ್ಯಾರೇಜು. ಒಂಬತ್ತನೇ ವಯಸ್ಸಿನಲ್ಲಿ ಹುಡುಗನ ಎಡ ಸೊಂಟಕ್ಕೆ ಪರ್ಥಿಸ್ ಎಂಬ ಕಾಯಿಲೆ ಬಂತು. ತೊಡೆಮೂಳೆಯ ತುದಿಗೆ ರಕ್ತ ಸಾಲದೆ ಕೀಲು ಹಾಳಾಗುವ ರೋಗ ಅದು. ಆಟವಾಡುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕಾಲು ಕಟ್ಟಿಸಿಕೊಂಡು ಮಲಗಿದ. ಎದ್ದು ನಿಂತಾಗ ಎಡಗಾಲು ಗಿಡ್ಡವಾಗಿತ್ತು. ಕೊನೆಯವರೆಗೂ ಕುಂಟುತ್ತಲೇ ನಡೆದ.

ಆ ಹೊತ್ತಿಗೆ ಅಪ್ಪ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರು ತಂದರು. ಕಾರು ಎನ್ನುವುದಕ್ಕಿಂತ ಬಿಡಿಭಾಗಗಳ ರಾಶಿ ಅನ್ನಬೇಕು. ಜೋಡಿಸಿ ನಾಲ್ಕು ಕಾಸು ಲಾಭಕ್ಕೆ ಮಾರುವುದು ಅವರ ಲೆಕ್ಕ. ಮಗ ಬಿಡಲಿಲ್ಲ. ಅಪ್ಪ ಮಗ ಕೂಡಿ ಒಂದೊಂದೇ ನಟ್ಟು ಬೋಲ್ಟು ತಿರುಗಿಸಿ ಅದನ್ನು ಓಡುವಂತೆ ಮಾಡಿದರು. ಹದಿನೈದರ ಆಸುಪಾಸಿನಲ್ಲಿ ಬ್ರೂಸ್ ಅದೇ ಕಾರಿನಲ್ಲಿ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದ. ಮುಂದೆ ಎಂಜಿನಿಯರಿಂಗ್ ಓದಲು ಸೇರಿದನಾದರೂ 1958ರಲ್ಲಿ ಯುರೋಪಿಗೆ ಹೋಗಿ ರೇಸ್ ಮಾಡಲು ವಿದ್ಯಾರ್ಥಿವೇತನ ಸಿಕ್ಕಿತು. ಪದವಿ ಅಲ್ಲಿಗೇ ನಿಂತಿತು.

ಇಂಗ್ಲೆಂಡಿನ ಕೂಪರ್ ತಂಡದಲ್ಲಿ ಜಾಗ ಸಿಕ್ಕಿತು. 1959ರ ಡಿಸೆಂಬರ್‌ನಲ್ಲಿ, ಅಮೆರಿಕದ ಸೆಬ್ರಿಂಗ್‌ನಲ್ಲಿ, 22ರ ಬ್ರೂಸ್ ಗ್ರ್ಯಾನ್ ಪ್ರಿ ಗೆದ್ದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಗ್ರ್ಯಾನ್ ಪ್ರಿ ಗೆದ್ದ ಚಾಲಕ ಎಂಬ ದಾಖಲೆ 2003ರಲ್ಲಿ ಅಲಾನ್ಸೊ ಮುರಿಯುವವರೆಗೂ ಬ್ರೂಸ್ ಹೆಸರಿನಲ್ಲೇ ಇತ್ತು. ಮರುವರ್ಷ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ. ಹಾಗೇ ಇನ್ನೊಬ್ಬರ ಕಾರು ಓಡಿಸಿಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ಅವನಿಗೆ ಕಾರಿನೊಳಗೆ ಕೈ ಹಾಕದೆ ಸಮಾಧಾನವಿಲ್ಲ. 1963ರಲ್ಲಿ ಸ್ವಂತ ತಂಡ ಕಟ್ಟಿದ. ಲಂಡನ್ ಹತ್ತಿರದ ನ್ಯೂ ಮಾಲ್ಡನ್‌ನಲ್ಲಿ ಮಣ್ಣು ಸರಿಸುವ ಯಂತ್ರದ ಪಕ್ಕದಲ್ಲೇ ಒಂದು ಶೆಡ್ಡು, ಬೆರಳೆಣಿಕೆಯ ಹುಡುಗರು. ಕೆಲವೇ ತಿಂಗಳಲ್ಲಿ, 1964ರ ಫೆಬ್ರುವರಿಯಲ್ಲಿ, ತಂಡದ ಗೆಳೆಯ ಟಿಮ್ಮಿ ಮೇಯರ್ ಟಾಸ್ಮೇನಿಯಾದಲ್ಲಿ ಅಪಘಾತದಲ್ಲಿ ಸತ್ತ. ವಕೀಲಿಕೆ ಓದಿದ್ದ ಅವನ ಅಣ್ಣ ಟೆಡ್ಡಿ ಬಿಟ್ಟು ಹೋಗದೆ ಬ್ರೂಸ್ ಜೊತೆ ನಿಂತ.

ನನಗೆ ಅವನ ಯಾವ ಗೆಲುವಿಗಿಂತಲೂ ಒಂದು ಪರೀಕ್ಷಾ ಓಟದ ಕಥೆ ಇಷ್ಟ. ವೇಗ ಹೆಚ್ಚಿದಂತೆ ಕಾರಿನ ಮೇಲಿದ್ದ ಇಂಧನ ಟ್ಯಾಂಕಿನ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು. ಗಾಳಿ ಮೇಲಿನಿಂದ ಒತ್ತಿದರೆ ಅದು ಇನ್ನೂ ಬಿಗಿಯಾಗಬೇಕಲ್ಲ? ಎದ್ದು ಕುಣಿಯುತ್ತಿದೆ ಎಂದರೆ ಒಳಗೆ ಸಿಕ್ಕಿಕೊಂಡ ಗಾಳಿ ಕೆಳಗಿನಿಂದ ದೂಡುತ್ತಿದೆ. ಬ್ರೂಸ್ ಕಾರು ನಿಲ್ಲಿಸಿದವನೇ ತಗಡು ಕತ್ತರಿಸುವ ಕತ್ತರಿ ತಗೊಂಡು ರೇಡಿಯೇಟರಿನ ಹಿಂದಿನ ಹೊದಿಕೆಯನ್ನು ಕತ್ತರಿಸಿ ಗಾಳಿಗೆ ದಾರಿ ಮಾಡಿದ. ಮತ್ತೆ ಓಡಿಸಿದಾಗ ಕಾರು ಮೊದಲಿಗಿಂತ ಜೋರಾಗಿ ಓಡಿತು. ಕಂಪ್ಯೂಟರ್ ಇಲ್ಲ, ದೊಡ್ಡ ಪ್ರಯೋಗಾಲಯ ಇಲ್ಲ. ಬಡಿದುಕೊಳ್ಳುವ ಬಾನೆಟ್ಟನ್ನು ನಾವು ತಂತಿಯಿಂದ ಕಟ್ಟಿ ಕಳಿಸುತ್ತೇವೆ; ಅವನು ಯಾಕೆ ಬಡಿಯುತ್ತಿದೆ ಎಂದು ಕೇಳಿದ.

ಹಾಗಂತ ಎಲ್ಲವೂ ಸಲೀಸಾಗಿ ಆಗಲಿಲ್ಲ. 1966ರಲ್ಲಿ ಮೊನಾಕೊದಲ್ಲಿ ತಂಡದ ಮೊದಲ ಫಾರ್ಮುಲಾ ಒನ್ ಕಾರು ಎಣ್ಣೆ ಸೋರಿ ಅರ್ಧಕ್ಕೇ ನಿಂತಿತು. ಅದೇ ವರ್ಷ ಬ್ರೂಸ್ ಮತ್ತು ಕ್ರಿಸ್ ಆಮನ್ ಫೋರ್ಡ್ ಕಂಪನಿಯ ಕಾರಿನಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದರು. ಸ್ವಂತ ಕಾರಿನ ಗೆಲುವಿಗೆ ಇನ್ನೂ ಎರಡು ವರ್ಷ ಕಾಯಬೇಕಾಯಿತು. 1968ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮುಂದಿದ್ದ ಸ್ಟೀವರ್ಟ್‌ನ ಪೆಟ್ರೋಲ್ ಕೊನೆಯ ಸುತ್ತಿಗೆ ಸಾಲಲಿಲ್ಲ. ತಾನು ಎರಡನೆಯವನು ಎಂದುಕೊಂಡೇ ಬ್ರೂಸ್ ಗೆರೆ ದಾಟಿದ. ಗೆದ್ದದ್ದು ಗೊತ್ತಾಗಿದ್ದು ಬೇರೆಯವರು ಹೇಳಿದ ಮೇಲೆ!

ಅವನ ಆಸೆ ಫಾರ್ಮುಲಾ ಒನ್‌ಗೇ ಮುಗಿಯಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಸರಣಿಯಲ್ಲಿ 1969ರ ಹನ್ನೊಂದು ರೇಸ್‌ಗಳನ್ನೂ ಈ ತಂಡವೇ ಗೆದ್ದಿತು: ಬ್ರೂಸ್ ಆರು, ಅವನದೇ ದೇಶದ ಡೆನ್ನಿ ಹಲ್ಮ್ ಐದು. ಇಂಡಿಯಾನಾಪೊಲಿಸ್‌ಗೂ ಕಾರು ಕಟ್ಟಿದರು. ರಸ್ತೆಯ ಮೇಲೆ ಓಡಿಸುವ ಕಾರು ತಯಾರಿಸುವ ಕನಸೂ ಇತ್ತು. ಮಾದರಿ ಕಾರನ್ನು ಬ್ರೂಸ್ ತಾನೇ ಓಡಿಸಿಕೊಂಡು ತಿರುಗುತ್ತಿದ್ದ.

1970ರ ಜೂನ್ 2. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಕ್ಯಾನ್-ಆಮ್ ಕಾರಿನ ಪರೀಕ್ಷೆ. ನೇರ ದಾರಿಯಲ್ಲಿ ಪೂರ್ತಿ ವೇಗದಲ್ಲಿದ್ದಾಗ ಹಿಂಭಾಗದ ಹೊದಿಕೆ ಕಿತ್ತುಹೋಯಿತು. ಹಿಡಿತ ತಪ್ಪಿದ ಕಾರು ಪಕ್ಕದ ಕಟ್ಟೆಗೆ ಬಡಿಯಿತು. ಬ್ರೂಸ್ ಅಲ್ಲೇ ತೀರಿಕೊಂಡ. ಗಾಳಿ ಮುಚ್ಚಳ ಎತ್ತುವುದನ್ನು ಕಂಡುಹಿಡಿದವನನ್ನು ಗಾಳಿಯೇ ತೆಗೆದುಕೊಂಡಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು.

ಮರುದಿನ ಕೆಲಸಕ್ಕೆ ಬರಬೇಡಿ ಎಂದು ಹೇಳಿದ್ದರೂ ಹುಡುಗರೆಲ್ಲ ಬಂದರು. ಹಲ್ಮ್‌ನ ಕೈಗಳು ಹಿಂದಿನ ತಿಂಗಳಷ್ಟೇ ಇಂಡಿಯಾನಾಪೊಲಿಸ್‌ನಲ್ಲಿ ಸುಟ್ಟಿದ್ದವು. ಆದರೂ ಹನ್ನೆರಡನೇ ದಿನಕ್ಕೆ ಕೆನಡಾದ ಮೋಸ್‌ಪೋರ್ಟ್‌ನಲ್ಲಿ ಎರಡು ಕಾರುಗಳು ನಿಂತಿದ್ದವು. ಡಾನ್ ಗರ್ನಿ ಗೆದ್ದ. ಪಟ್ಟಿ ಕಟ್ಟಿದ ಕೈಯಲ್ಲೇ ಹಲ್ಮ್ ಮೂರನೆಯವನಾದ. ಆ ವರ್ಷದ ಸರಣಿಯೂ ಹಲ್ಮ್‌ನದೇ.

ಟೆಡ್ಡಿ ಮೇಯರ್ ತಂಡ ನಡೆಸಿದರು. 1974ರಲ್ಲಿ ಫಿಟ್ಟಿಪಾಲ್ಡಿ ಮೊದಲ ವಿಶ್ವ ಪ್ರಶಸ್ತಿ ತಂದುಕೊಟ್ಟ. 1988ರಲ್ಲಿ ಸೆನ್ನಾ ಮತ್ತು ಪ್ರಾಸ್ಟ್ 16 ರೇಸ್‌ಗಳಲ್ಲಿ 15 ಗೆದ್ದರು. ಆಮೇಲೆ ಬೀಳುಗಾಲವೂ ಬಂತು. 1998ರ ನಂತರ ತಂಡಗಳ ಪ್ರಶಸ್ತಿ ಮತ್ತೆ ಕೈಗೆ ಬಂದದ್ದು 2024ರಲ್ಲಿ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಇದ್ದ ತಂಡವನ್ನೇ ಕೊಂಡು 2008ರಿಂದ ಫೋರ್ಸ್ ಇಂಡಿಯಾ ಎಂದು ಓಡಿಸಿದರು. ಅದು 2018ರಲ್ಲಿ ಬೇರೆಯವರ ಪಾಲಾಯಿತು, ಹೆಸರೂ ಹೋಯಿತು. ಗಿಡ್ಡ ಕಾಲಿನ ಆ ಹುಡುಗನ ಹೆಸರು ಮಾತ್ರ ಇವತ್ತಿಗೂ ಓಡುತ್ತಿದೆ.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ನನಗೊಂದು ಸಂದರ್ಶನವಿದೆ. ಅರ್ಜಿಯಲ್ಲಿ ಅನುಭವ ಎಂಬ ಜಾಗವನ್ನು ಇಷ್ಟು ದಿನ ಖಾಲಿ ಬಿಡುತ್ತಿದ್ದೆ. ಈ ಸಲ ಒಂದೂವರೆ ವರ್ಷ, ಕಾಕಾನ ಗ್ಯಾರೇಜು, ಸಾಲಹಳ್ಳಿ ಎಂದು ತುಂಬಿದ್ದೇನೆ.