ಸರ್ ಕೆ. ಎಸ್. ಕೃಷ್ಣನ್ ಮತ್ತು ಬಿಸಿಲಿನ ಒಲೆ

ಹೊಸದಿಲ್ಲಿಯಲ್ಲಿ ಪೂಸಾ ಕೃಷಿ ಸಂಶೋಧನ ಸಂಸ್ಥೆಯ ನೆರೆಯಲ್ಲಿ ಡಾಕ್ಟರ್ ಕೆ. ಎಸ್. ಕೃಷ್ಣನ್ ಮಾರ್ಗವೆಂಬ ರಸ್ತೆಯೊಂದುಂಟು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಆ ಹೆಸರು ಯಾರದೆಂದು ವಿಚಾರಿಸಿದವರು ಬಹಳ ಮಂದಿ ಇರಲಾರರು. ರಸ್ತೆಯ ಪಕ್ಕದಲ್ಲಿ ಕಾಣುವ ವಿಶಾಲವಾದ ಕಟ್ಟಡವೇ ರಾಷ್ಟ್ರೀಯ ಭೌತ ಪ್ರಯೋಗಶಾಲೆ. ಅದರ ಮೊದಲನೆಯ ನಿರ್ದೇಶಕರಾಗಿ ಅದನ್ನು ಕಟ್ಟಿ ಬೆಳೆಸಿದ ಮಹನೀಯರ ಹೆಸರೇ ಅದು. ಬೆಳಕನ್ನೂ ಹರಳುಗಳನ್ನೂ ಶಾಖವನ್ನೂ ಜೀವಮಾನವೆಲ್ಲ ಅಭ್ಯಾಸಮಾಡಿದ ಈ ವಿಜ್ಞಾನಿಯ ಆಡಳಿತದಲ್ಲಿಯೇ ದಿಲ್ಲಿಯ ಬಿಸಿಲಿನಿಂದ ಅನ್ನ ಬೇಯಿಸುವ ಒಲೆಯೊಂದು ಸಿದ್ಧವಾಯಿತು. ಆ ಒಲೆಯ ಕಥೆಯನ್ನೂ ಅವರ ಬಾಳಿನ ಕಥೆಯನ್ನೂ ಜೊತೆಯಾಗಿ ತಿಳಿಯುವುದು ನಮಗೆ ಉಪಯುಕ್ತವಾದೀತು.

ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್ 1898ನೆಯ ಇಸವಿ ಡಿಸೆಂಬರ್ 4ರಂದು ತಮಿಳುನಾಡಿನ ವತ್ರಾಪ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬೇಸಾಯಗಾರರು; ಆದರೆ ತಮಿಳು ಮತ್ತು ಸಂಸ್ಕೃತ ಸಾಹಿತ್ಯಗಳಲ್ಲಿ ಪಾಂಡಿತ್ಯವಿದ್ದವರು. ಹೊಲದ ಕೆಲಸ ಮತ್ತು ಗ್ರಂಥದ ಓದು ಎರಡೂ ಒಂದೇ ಮನೆಯಲ್ಲಿ ನಡೆಯುವುದನ್ನು ಬಾಲಕ ಕೃಷ್ಣನ್ ಕಂಡು ಬೆಳೆದರು. ಊರಿನ ಶಾಲೆಯಲ್ಲಿ ಮೊದಲ ಪಾಠಗಳನ್ನು ಮುಗಿಸಿ, ಮಧುರೆಯ ಅಮೆರಿಕನ್ ಕಾಲೇಜಿನಲ್ಲಿಯೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸಮಾಡಿದರು. ಭೌತಶಾಸ್ತ್ರದಲ್ಲಿ ಪದವಿ ಪಡೆದ ಮೇಲೆ ಅವರಿಗೆ ದೊರೆತ ಕೆಲಸ ರಸಾಯನಶಾಸ್ತ್ರದ ಪ್ರಯೋಗಗಳನ್ನು ತೋರಿಸುವ ಚಿಕ್ಕ ಹುದ್ದೆ. ಆ ದಿನಗಳಲ್ಲಿ ಅವರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಿದ್ಯಾರ್ಥಿಗಳೊಡನೆ ಕುಳಿತು, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಯಾರು ಯಾವ ಪ್ರಶ್ನೆ ಕೇಳಿದರೂ ವಿವರಿಸುತ್ತಿದ್ದರು. ಇದು ಎಷ್ಟು ಜನಪ್ರಿಯವಾಯಿತೆಂದರೆ ನೆರೆಯ ಕಾಲೇಜುಗಳ ವಿದ್ಯಾರ್ಥಿಗಳೂ ಬಂದು ಸೇರತೊಡಗಿದರು.

ವಿದ್ಯೆಯ ಹಂಬಲ ಅವರನ್ನು ಅಲ್ಲಿಯೇ ನಿಲ್ಲಗೊಡಲಿಲ್ಲ. 1920ರಲ್ಲಿ ಅವರು ಕಲ್ಕತ್ತೆಗೆ ತೆರಳಿದರು. ಅಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಬೆಳಕಿನ ಚದರುವಿಕೆಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಮುಂದೆ ಕೃಷ್ಣನ್ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಶಾಲೆಯಲ್ಲಿ ರಾಮನ್ನರ ಬಲಗೈಯಾಗಿ ದುಡಿದರು. ಆ ಪ್ರಯೋಗಶಾಲೆ ಶ್ರೀಮಂತವಾದುದೇನೂ ಅಲ್ಲ. ಬೆಲೆಬಾಳುವ ದೀಪಗಳಿಗೆ ಮೊದಲು ಅವರು ಆಶ್ರಯಿಸಿದ್ದು ಎಲ್ಲರಿಗೂ ಬಿಟ್ಟಿಯಾಗಿ ದೊರೆಯುವ ಬಿಸಿಲನ್ನೇ. ದೂರದರ್ಶಕದ ದೊಡ್ಡ ಮಸೂರದಿಂದ ಸೂರ್ಯಕಿರಣಗಳನ್ನು ಒಂದೆಡೆ ಕೂಡಿಸಿ, ನೇರಳೆ ಬಣ್ಣವನ್ನು ಮಾತ್ರ ಬಿಡುವ ಶೋಧಕದ ಮೂಲಕ ಹಾಯಿಸಿ, ಶುದ್ಧವಾದ ದ್ರವದ ಮೇಲೆ ಬೀಳಿಸಿದರು. ದ್ರವದಿಂದ ಚದರಿ ಬಂದ ಬೆಳಕಿಗೆ ನೇರಳೆಯನ್ನು ತಡೆಯುವ ಮತ್ತೊಂದು ಶೋಧಕವನ್ನು ಅಡ್ಡಹಿಡಿದರು. ಬೆಳಕು ತನ್ನ ಬಣ್ಣವನ್ನು ಬದಲಿಸದೆ ಇದ್ದಿದ್ದರೆ ಅಲ್ಲಿ ಕತ್ತಲೆಯೇ ಕಾಣಬೇಕಾಗಿತ್ತು. ಆದರೆ ಮಂದವಾದ ಹೊಸ ಬೆಳಕೊಂದು ಕಂಡಿತು. ಸುಮಾರು 60 ದ್ರವಗಳಲ್ಲಿ ಈ ಪರೀಕ್ಷೆ ನಡೆಯಿತು. 1928ರ ಫೆಬ್ರವರಿಯ ಈ ಶೋಧವನ್ನು ಪ್ರಕಟಿಸಿದ ಲೇಖನ ಅದೇ ಮಾರ್ಚ್ 31ರ ನೇಚರ್ ಪತ್ರಿಕೆಯಲ್ಲಿ ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರಿನಲ್ಲಿಯೂ ಅಚ್ಚಾಯಿತು. 1930ರಲ್ಲಿ ನೊಬೆಲ್ ಬಹುಮಾನ ಬಂದುದು ರಾಮನ್ನರೊಬ್ಬರಿಗೆ. ಕೃಷ್ಣನ್ ತಮ್ಮ ಕೆಲಸವನ್ನು ಮುಂದುವರಿಸಿದರು.

ಅಷ್ಟರಲ್ಲಿ ಅವರು ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದರು. ಅಲ್ಲಿ ಹರಳುಗಳ ಕಾಂತಗುಣವನ್ನು ಸೂಕ್ಷ್ಮವಾಗಿ ಅಳೆಯುವ ಸರಳವಾದ ವಿಧಾನವನ್ನು ರೂಪಿಸಿ, ಪ್ರಪಂಚದ ವಿಜ್ಞಾನಿಗಳ ಗೌರವಕ್ಕೆ ಪಾತ್ರರಾದರು. 1933ರಲ್ಲಿ ಕಲ್ಕತ್ತೆಗೆ ಹಿಂದಿರುಗಿ ಪ್ರಾಧ್ಯಾಪಕರಾದರು. 1940ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. 1942ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಪೀಠವನ್ನು ವಹಿಸಿಕೊಂಡರು. 1946ರಲ್ಲಿ ಅವರಿಗೆ ಸರ್ ಪದವಿ ಬಂದಿತು.

ಸ್ವಾತಂತ್ರ್ಯ ಬಾಗಿಲಲ್ಲಿ ನಿಂತಿದ್ದ ಕಾಲ ಅದು. 1947ರ ಜನವರಿ 4ರಂದು ಜವಾಹರಲಾಲ್ ನೆಹರೂ ಅವರು ದಿಲ್ಲಿಯಲ್ಲಿ ರಾಷ್ಟ್ರೀಯ ಭೌತ ಪ್ರಯೋಗಶಾಲೆಯ ಅಡಿಗಲ್ಲನ್ನಿರಿಸಿದರು. 1950ರ ಜನವರಿ 21ರಂದು ಸರ್ದಾರ್ ವಲ್ಲಭಭಾಯಿ ಪಟೇಲರು ಅದನ್ನು ಉದ್ಘಾಟಿಸಿದರು. ನಿರ್ದೇಶಕರ ಹೊಣೆ ಕೃಷ್ಣನ್ನರ ಪಾಲಿಗೆ ಬಂದಿತು. ದೇಶದ ತೂಕ, ಅಳತೆಗಳ ಪ್ರಮಾಣಗಳನ್ನು ಕಾಪಾಡುವುದು ಆ ಸಂಸ್ಥೆಯ ಮುಖ್ಯ ಕರ್ತವ್ಯ. ಅಂಗಡಿಯ ತಕ್ಕಡಿಯಿಂದ ಹಿಡಿದು ಕಾರ್ಖಾನೆಯ ಉಪಕರಣದವರೆಗೆ ಎಲ್ಲ ಅಳತೆಗಳ ನಂಬಿಕೆಗೂ ಅದು ತಾಯಿಬೇರು. ಆಡಳಿತದ ಭಾರವಿದ್ದರೂ ಕೃಷ್ಣನ್ ಸಂಶೋಧನೆಯನ್ನು ಕೈಬಿಡಲಿಲ್ಲ. ಕಾದ ಲೋಹಗಳಿಂದ ವಿದ್ಯುತ್ಕಣಗಳು ಹೊರಬೀಳುವುದನ್ನೂ, ವಿದ್ಯುತ್ತಿನಿಂದ ಕಾಯಿಸಿದ ತೆಳುವಾದ ತಂತಿಯ ಉದ್ದಕ್ಕೂ ಬಿಸಿ ಹೇಗೆ ಹಂಚಿಹೋಗುತ್ತದೆಂಬುದನ್ನೂ ತಮ್ಮ ಕಿರಿಯ ಸಹೋದ್ಯೋಗಿಗಳೊಡನೆ ಪರಿಶೀಲಿಸಿದರು. ಶಾಖವನ್ನು ಕೊಟ್ಟಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾವ ದಾರಿಯಿಂದ ಸೋರಿಹೋಗುತ್ತದೆ ಎಂಬುದೇ ಅಲ್ಲಿಯ ಮೂಲಪ್ರಶ್ನೆ.

ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಅದೇ ಪ್ರಯೋಗಶಾಲೆಯ ಅಂಗಳಕ್ಕೂ ಬಂದಿತು. ನಮ್ಮ ಹಳ್ಳಿಗಳಲ್ಲಿ ಸೌದೆ ಸಾಲದೆ ಸಗಣಿಯನ್ನು ಬೆರಣಿ ತಟ್ಟಿ ಸುಡುವುದು ವಾಡಿಕೆ. ಹೊಲಕ್ಕೆ ಗೊಬ್ಬರವಾಗಬೇಕಾದುದು ಒಲೆಯಲ್ಲಿ ಬೂದಿಯಾಗುತ್ತದೆ. ಹೊಗೆಯಿಂದ ಅಡಿಗೆಮಾಡುವ ತಾಯಂದಿರ ಕಣ್ಣು ಕೆಡುತ್ತದೆ. ಬಿಸಿಲಿನಿಂದ ಅಡಿಗೆ ಮಾಡಬಹುದೆಂಬ ವಿಚಾರ ಹೊಸದಲ್ಲ. 1767ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲಿನ ಶಾಖವನ್ನು ಹಿಡಿದಿಟ್ಟಿದ್ದನು. ವಿಲಿಯಂ ಆಡಮ್ಸ್ ಎಂಬ ಆಂಗ್ಲ ಅಧಿಕಾರಿ ಬೊಂಬಾಯಿಯಲ್ಲಿ ಕನ್ನಡಿಗಳಿಂದ ಬಿಸಿಲನ್ನು ಕೂಡಿಸಿ ಅಡಿಗೆಮಾಡಿ, 1878ರಲ್ಲಿ ಸೌರಶಾಖವನ್ನು ಕುರಿತು ಪುಸ್ತಕವನ್ನೇ ಬರೆದಿದ್ದನು. 1950ರ ದಶಕದ ಆರಂಭದಲ್ಲಿ ದಿಲ್ಲಿಯ ಪ್ರಯೋಗಶಾಲೆಯಲ್ಲಿ ಎಂ. ಎಲ್. ಘೈ ಮತ್ತು ಅವರ ಜೊತೆಗಾರರು ಇದನ್ನು ಸಾಮಾನ್ಯ ಸಂಸಾರದ ಕೈಗೆಟುಕುವಂತೆ ಮಾಡಲು ಹೊರಟರು. ಅಲ್ಯೂಮಿನಿಯಮ್ ತಗಡನ್ನು ದೊಡ್ಡ ಬೋಗುಣಿಯ ಆಕಾರಕ್ಕೆ ತಂದು ಹೊಳಪುಕೊಟ್ಟರು. ಅದರ ಮೇಲೆ ಬಿದ್ದ ಕಿರಣಗಳೆಲ್ಲ ಒಂದೇ ತಾಣಕ್ಕೆ ಮರಳಿ, ಅಲ್ಲಿರಿಸಿದ ಪಾತ್ರೆಯನ್ನು ಕಾಯಿಸುವಂತೆ ಏರ್ಪಡಿಸಿದರು. ಕಲ್ಕತ್ತೆಯಲ್ಲಿ ಮಸೂರವು ಮಾಡಿದ ಕೆಲಸವನ್ನು ಇಲ್ಲಿ ಕನ್ನಡಿಯು ಮಾಡಿತು. ಈ ಒಲೆಯ ಸುದ್ದಿ ದೇಶವಿದೇಶಗಳಿಗೆ ಹರಡಿತು. 1954ರ ಅಕ್ಟೋಬರಿನಲ್ಲಿ ಗಾಳಿ ಮತ್ತು ಬಿಸಿಲುಗಳ ಶಕ್ತಿಯನ್ನು ಕುರಿತು ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ಹೊಸದಿಲ್ಲಿಯಲ್ಲಿಯೇ ವಿದ್ವಾಂಸರ ಗೋಷ್ಠಿ ನೆರೆಯಿತು.

ಆದರೆ ಒಲೆಯು ಮನೆಮನೆಗೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದರೂ ಕೊಳ್ಳುವವರು ವಿರಳರಾದರು. ಸೂರ್ಯನು ಚಲಿಸಿದಂತೆಲ್ಲ ಕನ್ನಡಿಯನ್ನು ಮತ್ತೆ ಮತ್ತೆ ತಿರುಗಿಸಬೇಕು. ಅಡಿಗೆಯವರು ನೆತ್ತಿಯ ಮೇಲಿನ ಬಿಸಿಲಿನಲ್ಲಿ ನಿಲ್ಲಬೇಕು. ನಮ್ಮ ಮನೆಗಳಲ್ಲಿ ರಾತ್ರಿಯ ಅಡಿಗೆಗೆ ಕೈಹಾಕುವುದು ಹೊತ್ತು ಮುಳುಗುವಾಗ. ಆಯ್ದು ತಂದ ಸೌದೆಗೂ ತಟ್ಟಿದ ಬೆರಣಿಗೂ ಹಣ ತೆರಬೇಕಾಗಿಲ್ಲ. ಒಲೆಗಾದರೋ ಒಮ್ಮೆಗೇ ಹಣ ಕೊಡಬೇಕು. ಬಿಸಿಲು ಬಿಟ್ಟಿಯಾದರೂ ಅದನ್ನು ಹಿಡಿಯುವ ಪಾತ್ರೆ ಬಿಟ್ಟಿಯಲ್ಲವೆಂಬುದು ಆಗ ಸ್ಪಷ್ಟವಾಯಿತು. ಪ್ರಯೋಗಶಾಲೆಯಲ್ಲಿ ಗೆದ್ದ ಉಪಕರಣವು ಅಡಿಗೆಮನೆಯಲ್ಲಿ ಸೋತಿತು.

ಈ ಸೋಲಿನಿಂದ ಕಲಿಯಬೇಕಾದ ಪಾಠವೊಂದಿದೆ. ಬಿಸಿಯಾದ ವಸ್ತುವು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುವುದೋ ಅಷ್ಟು ವೇಗವಾಗಿ ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ. ಅನ್ನ ಬೇಯಲು ನೀರು ಕುದಿಯಬೇಕು. ಅಷ್ಟು ಶಾಖವನ್ನು ಬೇಗನೆ ಪಡೆಯಲು ಹೊಳೆಯುವ ಕನ್ನಡಿ, ಅದನ್ನು ತಿರುಗಿಸುವ ಏರ್ಪಾಡು ಎಲ್ಲವೂ ಬೇಕು. ಸ್ನಾನದ ನೀರಿಗೆ 50 ಡಿಗ್ರಿ ಸಾಕು. ಕಪ್ಪು ಬಳಿದ ತಗಡು, ಅದಕ್ಕೆ ಅಂಟಿದ ಕೊಳವೆಗಳು, ಮೇಲೊಂದು ಗಾಜು ಇದ್ದರೆ ಆ ಕೆಲಸ ನಡೆಯುತ್ತದೆ. ಗಾಜು ಬಿಸಿಲನ್ನು ಒಳಕ್ಕೆ ಬಿಟ್ಟು, ಒಳಗಿನ ಶಾಖ ಸೋರುವುದನ್ನು ತಡೆಯುತ್ತದೆ. ಈಜುಕೊಳದ ನೀರಿಗೆ 28 ಡಿಗ್ರಿಯೇ ಧಾರಾಳ. ಅದಕ್ಕೆ ಗಾಜು ಕೂಡ ಬೇಕಾಗಿಲ್ಲ. ಮಾಳಿಗೆಯ ಮೇಲೆ ಹರಡಿದ ಕಪ್ಪು ಪ್ಲಾಸ್ಟಿಕ್ ಕೊಳವೆಗಳಲ್ಲಿ ಕೊಳದ ನೀರನ್ನು ಪಂಪಿನಿಂದ ಹರಿಸಿ ಮರಳಿ ಕೊಳಕ್ಕೆ ಬಿಟ್ಟರಾಯಿತು.

ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ನಿರ್ಮಲವಾದ ಆಕಾಶದಲ್ಲಿ ನಡುಹಗಲಿನ ಸೂರ್ಯನಿಗೆ ಎದುರಾಗಿರಿಸಿದ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್ ಶಕ್ತಿ ಬೀಳುತ್ತದೆ. ಅದರಲ್ಲಿ 700 ವಾಟ್ ನೀರಿಗೆ ಸೇರಿದರೆ ಒಂದು ಗಂಟೆಯಲ್ಲಿ 100 ಲೀಟರ್ ನೀರು ಸುಮಾರು 6 ಡಿಗ್ರಿ ಬಿಸಿಯೇರುತ್ತದೆ. ಹೀಗೆ ಗಳಿಸಿದುದನ್ನು ಉಳಿಸಿಕೊಳ್ಳುವುದೂ ಮುಖ್ಯ. ಕೊಳದ ಶಾಖದ ಬಹುಭಾಗ ಮೇಲ್ಮೈಯಿಂದ ನೀರು ಆವಿಯಾಗುವುದರಲ್ಲಿ ಹೋಗುತ್ತದೆ; ರಾತ್ರಿಯಲ್ಲಿ ಕೊಳಕ್ಕೆ ಒಂದು ಹೊದಿಕೆ ಮುಚ್ಚಿದರೆ ಆ ನಷ್ಟವನ್ನು ಬಹಳ ಮಟ್ಟಿಗೆ ತಪ್ಪಿಸಬಹುದು. ದಿಲ್ಲಿಯ ಜನವರಿಯಲ್ಲಿ ಮಂಜು ಕವಿದು ಸೂರ್ಯನೇ ಕಾಣದ ದಿನಗಳಲ್ಲಿ ಈ ಉಪಾಯ ಸಾಲದು. ಆದರೆ ನವೆಂಬರಿನಲ್ಲಿಯೂ ಮಾರ್ಚಿಯಲ್ಲಿಯೂ ಈಜುವ ದಿನಗಳನ್ನು ಅದು ಹೆಚ್ಚಿಸಬಲ್ಲದು. ಬೇಕಾದಷ್ಟು ಬಿಸಿಯನ್ನು ಮಾತ್ರ ಬೇಡಿದರೆ ಸೂರ್ಯನು ಅಗ್ಗವಾಗಿ ಕೊಡುತ್ತಾನೆ. ಹೆಚ್ಚು ಬೇಡಿದಂತೆಲ್ಲ ಬೆಲೆ ಏರುತ್ತದೆ. ಗುರುಗ್ರಾಮದ ಸಿರಿವಂತನ ಈಜುಕೊಳಕ್ಕೂ ಬಡವನ ಬಚ್ಚಲ ಹಂಡೆಗೂ ಈ ನಿಯಮ ಒಂದೇ.

ಕಾಲಕ್ರಮದಲ್ಲಿ ಜನರ ಮನೆಗಳಲ್ಲಿ ನೆಲೆಯೂರಿದ್ದು ಇಂಥ ಮಿತವಾದ ಉಪಕರಣಗಳೇ. ಕನ್ನಡಿಯನ್ನು ಗಳಿಗೆಗೊಮ್ಮೆ ತಿರುಗಿಸಬೇಕಾಗಿಲ್ಲದ ಪೆಟ್ಟಿಗೆಯಾಕಾರದ ಸೌರ ಒಲೆಗಳನ್ನು 1980ರ ದಶಕದಲ್ಲಿ ಸರ್ಕಾರವೇ ಸಹಾಯಧನ ಕೊಟ್ಟು ಹಂಚಿತು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮನೆಗಳ ಮಾಳಿಗೆಗಳತ್ತ ಕಣ್ಣೆತ್ತಿ ನೋಡಿರಿ. ಹಿಂದೆ ಬಚ್ಚಲೊಲೆಯಲ್ಲಿ ಸೌದೆ ಉರಿಸಿ ಹಂಡೆ ಕಾಯಿಸುತ್ತಿದ್ದ ಎಷ್ಟೋ ಮನೆತನಗಳಿಗೆ ಇಂದು ಬಿಸಿಲೇ ನೀರು ಕಾಯಿಸಿಕೊಡುತ್ತಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸೂರ್ಯನ ವಿಷಯದಲ್ಲಿ ನಿಧಾನವಾಗಿಯಾದರೂ ಸುಳ್ಳಾಗುತ್ತಿದೆ.

ಕೃಷ್ಣನ್ನರ ಕಡೆಯ ವರ್ಷಗಳು ಗೌರವದಿಂದ ತುಂಬಿದ್ದವು. 1949ರಲ್ಲಿ ಅವರು ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ದೇಶದ ಪರಮಾಣು ಶಕ್ತಿ ಆಯೋಗದ ಮೊದಲ ಸದಸ್ಯರಲ್ಲಿ ಅವರೂ ಒಬ್ಬರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ, 1958ರಲ್ಲಿ ಶಾಂತಿಸ್ವರೂಪ ಭಟ್ನಾಗರರ ಹೆಸರಿನ ವಿಜ್ಞಾನ ಪ್ರಶಸ್ತಿಯು ಮೊತ್ತಮೊದಲಾಗಿಯೂ ಅವರಿಗೆ ಸಂದವು. ತಂದೆಯಿಂದ ಬಂದ ತಮಿಳು, ಸಂಸ್ಕೃತಗಳ ಒಲವು ಕೊನೆಯವರೆಗೂ ಮಾಸಲಿಲ್ಲ. ಪ್ರಯೋಗಶಾಲೆಯ ನಿರ್ದೇಶಕರಾಗಿದ್ದಂತೆಯೇ 1961ರ ಜೂನ್ 14ರಂದು ಅವರು ನಿಧನರಾದರು. ಆಗ ಅವರ ವಯಸ್ಸು 62.

ಬೆಳಕಿನ ಗಹನವಾದ ರಹಸ್ಯವನ್ನು ಅರಸಿದ ವಿಜ್ಞಾನಿಯು ತನ್ನ ಸಂಸ್ಥೆಯಲ್ಲಿ ಬಡವರ ಒಲೆಗೂ ಸ್ಥಳವಿತ್ತನೆಂಬುದು ಚಿಕ್ಕ ಸಂಗತಿಯಲ್ಲ. ಆ ಒಲೆ ಸೋತಿತೆಂಬುದನ್ನು ಮರೆಮಾಚಬೇಕಾಗಿಯೂ ಇಲ್ಲ. ಏಕೆ ಸೋತಿತೆಂದು ಅಳೆದು ತಿಳಿದವರಿಂದಲೇ ಮುಂದಿನ ಉಪಕರಣ ಗೆಲ್ಲುತ್ತದೆ. ವಿದ್ಯಾರ್ಥಿಮಿತ್ರರೇ, ಈ ಚಳಿಗಾಲದಲ್ಲಿ ಒಂದೇ ಅಳತೆಯ ಎರಡು ಡಬ್ಬಿಗಳನ್ನು ತೆಗೆದುಕೊಂಡು, ಒಂದಕ್ಕೆ ಕಪ್ಪು, ಮತ್ತೊಂದಕ್ಕೆ ಬಿಳುಪು ಬಳಿದು, ಸಮನಾಗಿ ನೀರು ತುಂಬಿ ಮಾಳಿಗೆಯ ಮೇಲಿರಿಸಿರಿ. ಮಧ್ಯಾಹ್ನ ಉಷ್ಣಮಾಪಕವನ್ನು ಅದ್ದಿ ಎರಡರ ಬಿಸಿಯನ್ನೂ ಬರೆದಿಡಿರಿ. ಸಂಜೆ ಮತ್ತೊಮ್ಮೆ ಅಳೆಯಿರಿ. ಕೃಷ್ಣನ್ ಮಾರ್ಗದಲ್ಲಿ ನಡೆಯಲು ಇಟ್ಟ ಮೊದಲ ಹೆಜ್ಜೆ ಅದೇ ಆದೀತು.